ಮಾರ್ಚ್ 1ರಿಂದ ಕಮ್ಮಿ ಬೆಲೆಯ ಬೋರ್ಡ್‌ಗಳಿಗೆ ಓವರ್‌ಕ್ಲಾಕ್ ಇಲ್ಲ

ಬಳ್ಳಾರಿ

ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ವಿಷಯ ಮೊದಲೇ ಹೇಳಿಬಿಡುತ್ತೇವೆ. ಪ್ರೊಸೆಸರ್ ಕೂರುವ ಸಾಕೆಟ್ ಪಕ್ಕದಲ್ಲಿ ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ತುಂಡು) ಇಲ್ಲದ ಮದರ್‌ಬೋರ್ಡ್‌ಗಳಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್ ಮಾಡಿಕೊಡುವುದನ್ನು, ಅಂದರೆ ಕಂಪನಿ ಇಟ್ಟ ವೇಗಕ್ಕಿಂತ ಜೋರಾಗಿ ಓಡುವಂತೆ ಮಾಡುವುದನ್ನು, ಮಾರ್ಚ್ 1ರಿಂದ ನಿಲ್ಲಿಸುತ್ತಿದ್ದೇವೆ. ಅದಕ್ಕೆ ಅಂತ ಮುಂಗಡ ಕೊಟ್ಟವರು ದುಡ್ಡು ವಾಪಸ್ ತಗೊಳ್ಳಬಹುದು. ಇಲ್ಲಾಂದ್ರೆ ಮುಂದೆ ಹೇಳುವ ಬೇರೆ ಕೆಲಸಕ್ಕೆ ಹಾಕಿಕೊಳ್ಳಬಹುದು.

"ಪ್ರೊಸೆಸರ್ ಗಟ್ಟಿ ಇದೆಯಲ್ಲ, ತಡೀತದೆ ಬಿಡಿ" ಅಂತ ಬಹಳ ಜನ ಹೇಳುತ್ತಾರೆ. ಪ್ರೊಸೆಸರ್ ತಡೆಯುತ್ತದೆ, ನಿಜ. ತಡೆಯದಿರುವುದು ಬೋರ್ಡು. ಎಸ್‌ಎಂಪಿಎಸ್‌ನಿಂದ (ಒಳಗೆ ಕರೆಂಟ್ ಕೊಡುವ ಡಬ್ಬಿ) ಬರುವುದು 12 ವೋಲ್ಟ್. ಪ್ರೊಸೆಸರ್‌ಗೆ ಬೇಕಾದದ್ದು ಒಂದೂಕಾಲು ವೋಲ್ಟ್ ಆಸುಪಾಸು. ಇಳಿಸಿಕೊಡುವ ಕೆಲಸ ಸಾಕೆಟ್ ಪಕ್ಕ ಸಾಲಾಗಿ ಕೂತ ಚಿಕ್ಕ ಕಪ್ಪು ಮಾಸ್ಫೆಟ್‌ಗಳದ್ದು. ಅವನ್ನೂ ಜೊತೆಗಿರುವ ಚೌಕ ಕಾಯಿಲ್‌ಗಳನ್ನೂ ಸೇರಿಸಿ ವಿಆರ್‌ಎಂ ಅನ್ನುತ್ತೇವೆ. ಪ್ರೊಸೆಸರ್ 100 ವಾಟ್ ಎಳೆದರೆ, 1.25 ವೋಲ್ಟ್ ಲೆಕ್ಕದಲ್ಲಿ ಅಲ್ಲಿ ಹರಿಯುವುದು 80 ಆಂಪಿಯರ್. ದುಬಾರಿ ಬೋರ್ಡ್‌ನಲ್ಲಿ ಈ ಭಾರ ಹಂಚಿಕೊಳ್ಳಲು ಹೆಚ್ಚು ಫೇಸ್ (ಮಾಸ್ಫೆಟ್, ಕಾಯಿಲ್ ಸೇರಿದ ಒಂದೊಂದು ಗುಂಪು) ಇರುತ್ತವೆ, ಮೇಲೆ ದಪ್ಪ ಅಲ್ಯೂಮಿನಿಯಂ ಇರುತ್ತದೆ. ಕಮ್ಮಿ ಬೆಲೆಯ ಬೋರ್ಡ್‌ನಲ್ಲಿ ಹೆಚ್ಚಾಗಿ ನಾಲ್ಕೇ ಫೇಸ್, ಮೇಲೆ ಏನೂ ಇಲ್ಲ. ರಿಪೇರಿಗೆ ಬರುವ ಹಳೇ ಬೋರ್ಡ್‌ಗಳನ್ನು ತಿರುಗಿಸಿ ನೋಡಿ. ಸರಿಯಾಗಿ ಆ ಜಾಗದಲ್ಲೇ ಹಿಂಬದಿ ಕಂದು ಬಣ್ಣಕ್ಕೆ ತಿರುಗಿರುತ್ತದೆ.

ವೇಗ ಹತ್ತು ಪರ್ಸೆಂಟ್ ಏರಿಸಿದರೆ ವಾಟ್ ಕೂಡ ಹತ್ತೇ ಪರ್ಸೆಂಟ್ ಏರುತ್ತದೆ ಅಂದುಕೊಳ್ಳಬೇಡಿ. ಹೆಚ್ಚಿನ ವೇಗದಲ್ಲಿ ಹ್ಯಾಂಗ್ ಆಗದಿರಲು ವೋಲ್ಟೇಜನ್ನೂ ಏರಿಸಬೇಕು. ವೋಲ್ಟೇಜ್ ಏರಿದ್ದು ವಾಟ್‌ಗೆ ವರ್ಗದ ಲೆಕ್ಕದಲ್ಲಿ (ಅದೇ ಏರಿಕೆ ಎರಡು ಸಲ ಗುಣಿಸಿದಂತೆ) ಸೇರುತ್ತದೆ. 3.6 ಗಿಗಾಹರ್ಟ್ಸ್‌ನಿಂದ 4.0ಕ್ಕೆ, 1.2 ವೋಲ್ಟ್‌ನಿಂದ 1.35ಕ್ಕೆ ಹೋದರೆ ಸಿಗುವ ವೇಗ 11 ಪರ್ಸೆಂಟ್, ಎಳೆಯುವ ವಿದ್ಯುತ್ ಸುಮಾರು 40 ಪರ್ಸೆಂಟ್ ಜಾಸ್ತಿ.

ಇದೆಲ್ಲ ಎಲ್ಲ ಊರಿಗೂ ಒಂದೇ. ಆದರೆ ನಮ್ಮದು ಬಳ್ಳಾರಿ ಅಲ್ವಾ? ಶಿವರಾತ್ರಿಗೆ ಚಳಿ ಶಿವಶಿವ ಅಂತ ಹೋಗುತ್ತದೆ, ಆಮೇಲೆ ಬಿಸಿಲಿನದೇ ದರ್ಬಾರು. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತದೆ. ಚಿಪ್‌ನ ಬಿಸಿ ಯಾವಾಗಲೂ ಕೋಣೆಯ ಬಿಸಿಯ ಮೇಲೆ ಕೂರುವಂಥದ್ದು. ಡಿಸೆಂಬರ್ ರಾತ್ರಿ 22 ಡಿಗ್ರಿ ಕೋಣೆಯಲ್ಲಿ 75ಕ್ಕೆ ನಿಂತ ಪ್ರೊಸೆಸರ್, 40 ಡಿಗ್ರಿ ಕೋಣೆಯಲ್ಲಿ 93ರ ಹತ್ತಿರ ಹೋಗುತ್ತದೆ. ಎಎಂಡಿಯ ರೈಜನ್ 5 3600 ಪ್ರೊಸೆಸರ್‌ಗೆ ಕಂಪನಿ ಕೊಟ್ಟ ಮಿತಿಯೇ 95 ಡಿಗ್ರಿ. ಮೇಲೆ ಸಂಡೂರು ಕಡೆಯ ಅದಿರಿನ ಕೆಂಪು ಧೂಳು ಫ್ಯಾನಿಗೆ ಕಟ್ಟಿಕೊಂಡಿದ್ದರೆ ಇನ್ನೂ ಕಷ್ಟ.

ಆಗ ಏನಾಗುತ್ತದೆ ಅಂದರೆ, ರೆಂಡರ್ (ಎಡಿಟ್ ಆದ ವಿಡಿಯೋವನ್ನು ಫೈಲ್ ಮಾಡುವ ಕೆಲಸ) ಶುರುವಿಗೆ ಜೋರಾಗಿ ಓಡುತ್ತದೆ. ಒಂದಷ್ಟು ಹೊತ್ತಿಗೆ ವಿಆರ್‌ಎಂ ಕಾದು, ಬೋರ್ಡ್ ತಾನೇ ಪ್ರೊಸೆಸರ್‌ನ ವೇಗ ಕಡಿತ ಮಾಡುತ್ತದೆ. ಕೆಲವು ಬೋರ್ಡ್‌ಗಳಲ್ಲಿ ಅದು 1 ಗಿಗಾಹರ್ಟ್ಸ್‌ಗಿಂತ ಕೆಳಗೂ ಇಳಿಯುತ್ತದೆ. ಓವರ್‌ಕ್ಲಾಕ್ ಮಾಡದೇ ಇದ್ದಿದ್ದರೆ ಬೇಗ ಮುಗಿಯುತ್ತಿತ್ತು! ಮದುವೆ ಸೀಸನ್ನೂ ಬೇಸಿಗೆಯಲ್ಲೇ ಬರುವುದು. ಆಲ್ಬಂ, ವಿಡಿಯೋ ಮಾಡುವ ಸ್ಟುಡಿಯೋದವರಿಗೆ ಮೆಷಿನ್ ಕೈಕೊಡಬಾರದ ಹೊತ್ತಲ್ಲೇ ಕೈಕೊಡುತ್ತದೆ. ಕೌಲ್ ಬಜಾರ್‌ನ ಜೀನ್ಸ್ ಯೂನಿಟ್‌ಗಳವರಿಗೂ ಅಷ್ಟೇ, ಅರ್ಜೆಂಟ್ ಆರ್ಡರ್ ಇದ್ದಾಗ ಪ್ಯಾಟರ್ನ್ ಫೈಲ್ ಸೇವ್ ಆಗುವ ಮುಂಚೆ ರೀಸ್ಟಾರ್ಟ್ ಆದರೆ ಯಾರಿಗೆ ಹೇಳೋದು?

ಹಿಂದೆ ಓವರ್‌ಕ್ಲಾಕ್‌ಗೆ ಒಂದು ಅರ್ಥ ಇತ್ತು. 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಚಿಪ್ ಅನ್ನು ಬಸ್ ವೇಗ (ಚಿಪ್‌ಗೂ ಬೋರ್ಡ್‌ಗೂ ನಡುವಿನ ದಾರಿಯ ವೇಗ) 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿ 450 ಮೆಗಾಹರ್ಟ್ಸ್‌ಗೆ ಓಡಿಸುತ್ತಿದ್ದರು. ಒಂದೂವರೆ ಪಟ್ಟು, ಅದೂ ಪುಕ್ಕಟೆ. ಈಗಿನ ಚಿಪ್‌ಗಳನ್ನು ಕಂಪನಿಯವರೇ ಹಿಂಡಿ ಕಳಿಸಿರುತ್ತಾರೆ. ರೈಜನ್ 5 3600 ತಾನಾಗಿ 4.2ರವರೆಗೆ ಜಿಗಿಯುತ್ತದೆ. ನಾವು ಎಲ್ಲ ಕೋರ್‌ಗೂ (ಪ್ರೊಸೆಸರ್ ಒಳಗೆ ಕೆಲಸ ಮಾಡುವ ಭಾಗಗಳು) 4.1 ಅಂತ ಕಟ್ಟಿಹಾಕಿದರೆ ಆ ಜಿಗಿತವೂ ಹೋಯಿತು. ಒಂದೆರಡು ಕೋರ್ ಮೇಲೇ ನಡೆಯುವ ಕೆಲಸಗಳಲ್ಲಿ ಅದು ನಷ್ಟವೇ.

ಇನ್ನು ಎ320, ಎ520, ಎಚ್610 ಬೋರ್ಡ್ ಇದ್ದವರು ಬೇಜಾರು ಮಾಡಿಕೊಳ್ಳುವುದೇ ಬೇಡ. ಅವುಗಳಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್‌ಗೆ ಕಂಪನಿ ಅವಕಾಶವನ್ನೇ ಕೊಟ್ಟಿಲ್ಲ. ಬಿ450, ಬಿ550ಯಲ್ಲಿ ವಿಆರ್‌ಎಂ ಮೇಲೆ ಹೀಟ್‌ಸಿಂಕ್ ಇದ್ದು, ಒಳ್ಳೆ ಕೂಲರ್ ಹಾಕಿದ್ದರೆ ಮುಂಚಿನಂತೆ ಮಾಡಿಕೊಡುತ್ತೇವೆ. ಟೆಸ್ಟ್ ಮಾತ್ರ ಎಸಿ ಹಾಕದೆ, ಮಧ್ಯಾಹ್ನದ ಹೊತ್ತು.

ಉಳಿದವರಿಗೆ ಅದೇ ದುಡ್ಡಿನಲ್ಲಿ ಕ್ಯಾಬಿನೆಟ್ ಬ್ಲೋವರ್ ಹಾಕಿ ಕ್ಲೀನ್ ಮಾಡುತ್ತೇವೆ, ಪ್ರೊಸೆಸರ್ ಬಿಸಿಯನ್ನು ಕೂಲರ್‌ಗೆ ಸಾಗಿಸುವ ಪೇಸ್ಟ್ ಬದಲಿಸುತ್ತೇವೆ, ಬೋರ್ಡ್ ಒಪ್ಪಿದರೆ ವೋಲ್ಟೇಜ್ ಸ್ವಲ್ಪ ಇಳಿಸುತ್ತೇವೆ. ತಣ್ಣಗಿರುವ ಚಿಪ್ ಹೆಚ್ಚು ಹೊತ್ತು ತನ್ನ ಬೂಸ್ಟ್‌ನಲ್ಲೇ (ತಾನಾಗಿ ಜಿಗಿದ ವೇಗದಲ್ಲೇ) ಓಡುತ್ತದೆ. ರ‍್ಯಾಮ್ ಕೂಡ ನೋಡುತ್ತೇವೆ. ಡಬ್ಬಿ ಮೇಲೆ 3200 ಅಂತಿರುತ್ತದೆ, ಬಯಾಸ್‌ನಲ್ಲಿ (ಬೋರ್ಡ್‌ನ ಸೆಟ್ಟಿಂಗ್ ಪುಟ) ಎಕ್ಸ್‌ಎಂಪಿ (ಡಬ್ಬಿ ಮೇಲಿನ ವೇಗ ಕೊಡುವ ಸೆಟ್ಟಿಂಗ್) ಆನ್ ಮಾಡದೆ ಅದು ಸುಮ್ನೆ 2133, 2400 ಹೀಗೆ ಕಮ್ಮಿ ವೇಗದಲ್ಲಿ ಓಡುತ್ತಿರುತ್ತದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ರೈಜನ್ 5 5600ಜಿ ಥರದ ಪ್ರೊಸೆಸರ್ ಇರುವ ಮೆಷಿನ್‌ಗೆ ಒಂದೇ 16 ಜಿಬಿ ಸ್ಟಿಕ್ ಬದಲು ಎರಡು 8 ಜಿಬಿ ಹಾಕಿದರೆ ಗೇಮ್‌ನಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಒಂದು ಮಾತು: ಓವರ್‌ಕ್ಲಾಕ್‌ನಿಂದ ಆದ ಹಾನಿಗೆ ಇಂಟೆಲ್, ಎಎಂಡಿ ಎರಡೂ ವಾರಂಟಿ ಕೊಡುವುದಿಲ್ಲ. ರ‍್ಯಾಮ್ ವೇಗವನ್ನು ಅವರು ಹೇಳಿದ ಮಿತಿ ಮೀರಿ ಏರಿಸುವುದೂ ಅವರ ಪ್ರಕಾರ ಓವರ್‌ಕ್ಲಾಕೇ. ಹಾಗಾಗಿ ನಿಮ್ಮನ್ನು ಕೇಳಿಯೇ ಆನ್ ಮಾಡುತ್ತೇವೆ.

ಮೊದಲೇ ನಮ್ಮಲ್ಲಿ ಓವರ್‌ಕ್ಲಾಕ್ ಮಾಡಿಸಿದವರು ಯುಗಾದಿಯೊಳಗೆ ತಂದರೆ ಪುಕ್ಕಟೆ ಓವರ್‌ಕ್ಲಾಕ್ ತೆಗೆದು ಮೊದಲಿನ ವೇಗಕ್ಕೇ ತಂದುಕೊಡುತ್ತೇವೆ. ಸಿರುಗುಪ್ಪ, ಕುರುಗೋಡಿನಿಂದ ಬರಲು ಆಗದವರು ಮನೆಯಲ್ಲೇ ಮಾಡಿಕೊಳ್ಳಬಹುದು. ಮೆಷಿನ್ ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಬಯಾಸ್‌ಗೆ ಹೋಗಿ, "ಲೋಡ್ ಆಪ್ಟಿಮೈಸ್ಡ್ ಡಿಫಾಲ್ಟ್ಸ್" ಆರಿಸಿ, ಎಫ್10 ಒತ್ತಿ ಸೇವ್ ಮಾಡಿ. ಅದಕ್ಕೂ ಮುಂಚೆ ಸಾಟಾ ಮೋಡ್ (ಡಿಸ್ಕ್ ಜೋಡಣೆಯ ಸೆಟ್ಟಿಂಗ್) ಇರುವ ಪುಟದ ಫೋಟೋ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ. ಅದು ಬದಲಾದರೆ ವಿಂಡೋಸ್ ಎದ್ದೇಳುವುದಿಲ್ಲ. ಹಾಗೇನಾದರೂ ಆದರೆ ಗಾಬರಿ ಬೇಡ, ಫೋಟೋ ನೋಡಿ ಮೊದಲಿದ್ದದ್ದನ್ನೇ ಹಾಕಿ, ಇಲ್ಲವೇ ನಮಗೆ ಫೋನ್ ಮಾಡಿ.

ಇಂತಿ,
ನಿಮ್ಮ ಕಂಪ್ಯೂಟರ್ ಅಂಗಡಿಯವರು