ಕ್ಯಾಮೆರಾ ಕ್ಲ್ಯಾಂಪಿನ ಅಳತೆ ಪೊಟ್ಟಣದ ಮೇಲೆ ಇರಲಿ

ಮಾನ್ಯ ಸಂಪಾದಕರೇ,

ಯಕ್ಷಗಾನ, ಭೂತಕೋಲ, ಮದುವೆ, ಶಾಲಾ ವಾರ್ಷಿಕೋತ್ಸವ ಎಂದು ವರ್ಷವಿಡೀ ಕ್ಯಾಮೆರಾ ಹೊತ್ತು ತಿರುಗುವವರು ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಕಡಿಮೆಯೇನಿಲ್ಲ. ಕ್ಯಾಮೆರಾ ಮತ್ತು ಲೆನ್ಸ್ ಕೊಳ್ಳುವಾಗ ಹತ್ತು ಕಡೆ ವಿಚಾರಿಸುವ ಇವರೇ, ಅವೆರಡನ್ನೂ ಟ್ರೈಪಾಡಿನ ಮೇಲೆ ಹಿಡಿದು ನಿಲ್ಲಿಸುವ ಪ್ಲೇಟು ಮತ್ತು ಕ್ಲ್ಯಾಂಪಿನ ವಿಷಯ ಬಂದಾಗ ಅಂಗಡಿಯವರು ಕೊಟ್ಟದ್ದನ್ನು ಮರುಮಾತಿಲ್ಲದೆ ತೆಗೆದುಕೊಳ್ಳುತ್ತಾರೆ. ಇದರಲ್ಲಿ ಅವರ ತಪ್ಪು ಹೆಚ್ಚಿಲ್ಲ. ಆ ಸಾಮಾನಿನ ಪೊಟ್ಟಣವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರೂ ತಿಳಿದುಕೊಳ್ಳುವಂಥದ್ದು ಏನೂ ಸಿಗುವುದಿಲ್ಲ. ‘ಎಲ್ಲ ಟ್ರೈಪಾಡ್‌ಗಳಿಗೂ ಹೊಂದುತ್ತದೆ’ ಎಂಬ ಒಂದು ಸಾಲು, ಹೆಚ್ಚೆಂದರೆ ‘ಆರ್ಕಾ ಮಾದರಿ’ ಎಂಬ ಇನ್ನೊಂದು ಸಾಲು ಇರುತ್ತದೆ. ಅಗಲ ಎಷ್ಟು, ಸ್ಕ್ರೂ ಯಾವುದು, ಅದರ ಉದ್ದ ಎಷ್ಟು ಎಂಬುದನ್ನು ಅಲ್ಲಿ ಬರೆದಿರಲೇಬೇಕೆಂದು ಒತ್ತಾಯಿಸುವುದು ಈ ಪತ್ರದ ಉದ್ದೇಶ.

ಕ್ಯಾಮೆರಾದ ತಳದಲ್ಲಿರುವ ಸ್ಕ್ರೂ ತೂತಿಗೆ ಅಂತಾರಾಷ್ಟ್ರೀಯ ಮಾನಕವಿದೆ. ಐಎಸ್‌ಒ 1222 ಎಂಬ ಆ ಮಾನಕದಲ್ಲಿ ಎರಡೇ ಗಾತ್ರಗಳು: ಕಾಲು ಇಂಚು ವ್ಯಾಸದ, ಇಂಚಿಗೆ 20 ಸುತ್ತುಗಳಿರುವ ಸ್ಕ್ರೂ ಒಂದು, 3/8 ಇಂಚು ವ್ಯಾಸದ, ಇಂಚಿಗೆ 16 ಸುತ್ತುಗಳಿರುವುದು ಇನ್ನೊಂದು. ಮೊದಲನೆಯದು ಸಾಮಾನ್ಯವಾಗಿ ಕ್ಯಾಮೆರಾದ ತಳಕ್ಕೆ, ಎರಡನೆಯದು ಹೆಚ್ಚಾಗಿ ಟ್ರೈಪಾಡಿನ ಕಾಲುಗಳಿಗೂ ಕ್ಯಾಮೆರಾವನ್ನು ಹೊತ್ತು ತಿರುಗುವ ಮೇಲ್ಭಾಗವಾದ ಹೆಡ್ಡಿಗೂ ನಡುವಿನ ಜೋಡಣೆಗೆ. ಜಪಾನಿನ ಕ್ಯಾಮೆರಾ ಇಟಲಿಯ ಟ್ರೈಪಾಡಿನ ಮೇಲೆ ಯಾವ ತಕರಾರೂ ಇಲ್ಲದೆ ಕೂರುವುದು ಈ ಒಪ್ಪಂದದಿಂದಾಗಿ. ಆದರೆ ಕ್ಯಾಮೆರಾಕ್ಕೆ ಸದಾ ಅಂಟಿಕೊಂಡಿರುವ ಪ್ಲೇಟು ಮತ್ತು ಅದನ್ನು ಕಚ್ಚಿ ಹಿಡಿಯುವ ಕ್ಲ್ಯಾಂಪಿನ ಜೋಡಣೆಗೆ ಇಂಥ ಲಿಖಿತ ಮಾನಕವಿಲ್ಲ. ಇಂದು ಎಲ್ಲೆಡೆ ಕಾಣುವ ಆರ್ಕಾ ಮಾದರಿಯು ಸ್ವಿಟ್ಜರ್ಲೆಂಡ್ ಮೂಲದ ಆರ್ಕಾ ಸ್ವಿಸ್ ಎಂಬ ಕ್ಯಾಮೆರಾ ತಯಾರಕರಿಂದ ಬಂದದ್ದು. ಎರಡೂ ಅಂಚುಗಳು ಸುಮಾರು 45 ಡಿಗ್ರಿ ಓರೆಯಾಗಿರುವ, ಹೆಚ್ಚುಕಡಿಮೆ 38 ಮಿಲಿಮೀಟರ್ ಅಗಲದ ಆ ಪಟ್ಟಿ ಅನುಕೂಲವೆನಿಸಿದ್ದರಿಂದ ಉಳಿದ ತಯಾರಕರೂ ಅದನ್ನು ಅನುಸರಿಸಿದರು. ಅನುಸರಿಸುವಾಗ ಒಬ್ಬೊಬ್ಬರು ಒಂದೊಂದು ಕೂದಲೆಳೆಯಷ್ಟು ಆಚೀಚೆ ಆದರು. ‘ಹೆಚ್ಚುಕಡಿಮೆ’ ಎಂಬ ಮಾತನ್ನು ನಾನು ಬಳಸಬೇಕಾಗಿ ಬಂದಿರುವುದು ಅದರಿಂದಲೇ.

ಮಿಲಿಮೀಟರಿನ ಹತ್ತನೇ ಒಂದೆರಡು ಪಾಲು ವ್ಯತ್ಯಾಸದಿಂದ ಏನಾದೀತು ಎಂದು ಕೇಳುವವರಿದ್ದಾರೆ. ತಿರುಗಿಸಿ ಬಿಗಿಯುವ ಗುಬ್ಬಿ, ಅಂದರೆ ನಾಬ್, ಇರುವ ಕ್ಲ್ಯಾಂಪಾದರೆ ಏನೂ ಆಗದು. ಅದರ ದವಡೆ ಪ್ಲೇಟಿಗೆ ತಾಗುವವರೆಗೆ ಸರಿದು ಬರುತ್ತದೆ. ಲಿವರ್ ಮಡಚಿ ಬಿಗಿಯುವ ಕ್ಲ್ಯಾಂಪಿಗೆ ಆ ಉದಾರತೆ ಇಲ್ಲ. ಅದರ ದವಡೆ ಎಷ್ಟು ಸರಿಯಬೇಕೆಂಬುದು ಕಾರ್ಖಾನೆಯಲ್ಲಿಯೇ ನಿಗದಿಯಾಗಿರುತ್ತದೆ. ಪ್ಲೇಟು ತುಸು ಅಗಲವಾದರೆ ಲಿವರ್ ಕೊನೆಯವರೆಗೆ ಮಡಚುವುದಿಲ್ಲ. ತುಸು ಕಿರಿದಾದರೆ ಲಿವರ್ ಪೂರ್ತಿ ಮಡಚಿ ‘ಟಕ್’ ಎನ್ನುತ್ತದೆ, ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಆದರೆ ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಹಿಡಿದು ಪಟ್ಟಿಯುದ್ದಕ್ಕೂ ಮೆಲ್ಲನೆ ತಳ್ಳಿದರೆ ಅದು ಜಾರುತ್ತದೆ. ಎರಡನೆಯದು ಹೆಚ್ಚು ಅಪಾಯಕಾರಿ. ಸಡಿಲವಾದ ಕಡೆ ಕಾಗದದ ಚೂರು ಮಡಚಿ ತುರುಕುವ ಪದ್ಧತಿ ನಮ್ಮ ಕಡೆ ಧಾರಾಳವಾಗಿ ಚಾಲ್ತಿಯಲ್ಲಿದೆ. ಮಂಜು ಬೀಳುವ ಇರುಳಿನಲ್ಲಿ ಆ ಕಾಗದ ಮೆದುವಾದ ಮೇಲೆ ಕ್ಯಾಮೆರಾದ ಗತಿಯೇನು ಎಂಬುದನ್ನು ಹೇಳಬೇಕಾಗಿಲ್ಲ. ದವಡೆಯ ಅಗಲವನ್ನು ಹೊಂದಿಸಿಕೊಳ್ಳಬಹುದಾದ ಲಿವರ್ ಕ್ಲ್ಯಾಂಪುಗಳೂ ಬಂದಿವೆ. ಅವು ಕೈಗೆಟುಕದಿದ್ದರೆ, ಬೇರೆ ಬೇರೆ ಕಂಪನಿಗಳ ಪ್ಲೇಟುಗಳನ್ನು ಇಟ್ಟುಕೊಂಡವರು ತಿರುಗುಗುಬ್ಬಿಯ ಕ್ಲ್ಯಾಂಪನ್ನೇ ಆರಿಸಿಕೊಳ್ಳುವುದು ಕ್ಷೇಮ ಎಂಬುದು ನನ್ನ ಖಚಿತ ಅಭಿಪ್ರಾಯ. ಬಿಗಿಯಲು ಎರಡು ಕ್ಷಣ ಹೆಚ್ಚು ಬೇಕು, ಅಷ್ಟೇ.

ಇದು ಒಂದು ಕುಲದೊಳಗಿನ ಜಗಳವಾಯಿತು. ಬೇರೆ ಕುಲಗಳೂ ಇವೆ. ಮ್ಯಾನ್‌ಫ್ರೊಟ್ಟೊದ 200ಪಿಎಲ್ ಪ್ಲೇಟು ಆರ್‌ಸಿ2 ಎಂಬ ತನ್ನದೇ ಕ್ಲ್ಯಾಂಪಿಗೆ ಮಾತ್ರ ಕೂರುತ್ತದೆ. ಅದೇ ಕಂಪನಿಯ 200ಪಿಎಲ್ ಪ್ರೊ ಎಂಬುದು ಆ ಕ್ಲ್ಯಾಂಪಿಗೂ ಆರ್ಕಾ ಮಾದರಿಗೂ ಎರಡಕ್ಕೂ ಹೊಂದುವಂತೆ ಮಾಡಿದ್ದು. ಹೆಸರಿನಲ್ಲಿ ಇಷ್ಟು ಸಣ್ಣ ವ್ಯತ್ಯಾಸವಿರುವಾಗ ಅಂಗಡಿಯಲ್ಲಿ ಒಂದರ ಬದಲು ಇನ್ನೊಂದು ಕೈಗೆ ಬರುವುದು ಸಹಜ. ವಿಡಿಯೊ ತೆಗೆಯುವವರು ಹ್ಯಾಂಡಲ್ ಹಿಡಿದು ನಯವಾಗಿ ತಿರುಗಿಸುವ ಫ್ಲೂಯಿಡ್ ಹೆಡ್‌ಗಳಲ್ಲಿ ಸುಮಾರು 50 ಮಿಲಿಮೀಟರ್ ಅಗಲದ, ಹಿಂದೆ ಮುಂದೆ ಸರಿಯುವ 501 ಮಾದರಿಯ ಪ್ಲೇಟು ಇರುತ್ತದೆ. ಅಗ್ಗದ ಟ್ರೈಪಾಡ್‌ಗಳ ಜತೆ ಬರುವ ಪ್ಲಾಸ್ಟಿಕ್ ಪ್ಲೇಟಂತೂ ಯಾವ ಕುಲಕ್ಕೂ ಸೇರದು. ಅದು ಕಳೆದುಹೋದರೆ ಟ್ರೈಪಾಡೇ ಮೂಲೆ ಸೇರುತ್ತದೆ.

ಫೋಟೊ ಮತ್ತು ವಿಡಿಯೊ ಎರಡಕ್ಕೂ ಒಂದೇ ಹೆಡ್ಡನ್ನು ಬಳಸುವವರು 501 ಪ್ಲೇಟಿನ ಮೇಲೆ ಆರ್ಕಾ ಕ್ಲ್ಯಾಂಪೊಂದನ್ನು ಕೂರಿಸಿಕೊಳ್ಳುವುದುಂಟು. ಉಪಾಯ ಒಳ್ಳೆಯದೇ, ಆದರೆ ದಿಕ್ಕನ್ನು ಗಮನಿಸಬೇಕು. ಕ್ಯಾಮೆರಾದ ತಳಕ್ಕೆ ಹಾಕಿದ ಪ್ಲೇಟು ಸಾಮಾನ್ಯವಾಗಿ ಎಡದಿಂದ ಬಲಕ್ಕೆ ಚಾಚಿರುತ್ತದೆ. ದೂರದ್ದನ್ನು ಹತ್ತಿರ ತೋರಿಸುವ ದೊಡ್ಡ ಟೆಲಿ ಲೆನ್ಸಿಗೆ ಟ್ರೈಪಾಡಿನ ಮೇಲೆ ಕೂರಲೆಂದು ಇರುವ ಕಾಲಿಗೆ ಹಾಕಿದ ಪ್ಲೇಟು ಲೆನ್ಸಿನ ಉದ್ದಕ್ಕೆ, ಅಂದರೆ ಹಿಂದಿನಿಂದ ಮುಂದಕ್ಕೆ ಇರುತ್ತದೆ. ಕಿದೂರಿನಲ್ಲಿ ಹಕ್ಕಿಗಳ ಹಿಂದೆ ಬಿದ್ದಿರುವ ಮಿತ್ರರಲ್ಲಿ ಹಲವರು ಬಳಸುವ ಟ್ಯಾಮ್ರಾನ್ 150-600 ಜಿ2 ಲೆನ್ಸಿನ ಕಾಲಿನಲ್ಲಿಯೇ ಆರ್ಕಾ ಅಂಚು ಕಡೆದಿರುವುದರಿಂದ ಬೇರೆ ಪ್ಲೇಟು ಬೇಕಿಲ್ಲ, ಆದರೆ ದಿಕ್ಕಿನ ಪ್ರಶ್ನೆ ಅಲ್ಲಿಯೂ ಇದ್ದೇ ಇದೆ. ಗೋಳದ ಮೇಲೆ ಎಲ್ಲ ದಿಕ್ಕಿಗೂ ತಿರುಗುವ ಬಾಲ್ ಹೆಡ್ಡಾದರೆ ಗೋಳವನ್ನೇ ಕಾಲು ಸುತ್ತು ತಿರುಗಿಸಿ ಸರಿಮಾಡಿಕೊಳ್ಳಬಹುದು. ಫ್ಲೂಯಿಡ್ ಹೆಡ್ಡಿನಲ್ಲಿ ಆ ದಾರಿಯಿಲ್ಲ. ಕ್ಲ್ಯಾಂಪನ್ನು ಬಿಚ್ಚಿ 90 ಡಿಗ್ರಿ ತಿರುಗಿಸಿ ಮತ್ತೆ ಕೂರಿಸದಿದ್ದರೆ ಹ್ಯಾಂಡಲ್ ಎಳೆದಾಗ ಕ್ಯಾಮೆರಾ ಮೇಲೆ ಕೆಳಗೆ ನೋಡುವ ಬದಲು ಪಕ್ಕಕ್ಕೆ ವಾಲುತ್ತದೆ. ಒಂದರ ಮೇಲೊಂದು ಅಡಾಪ್ಟರ್ ಏರಿಸಿದಷ್ಟೂ ಅಲುಗುವ ಸಂದುಗಳು ಹೆಚ್ಚುತ್ತವೆ ಎಂಬುದನ್ನೂ ಮರೆಯಬಾರದು.

ಕ್ಯಾಮೆರಾದ ತಳಕ್ಕೂ ಒಂದು ಪಕ್ಕಕ್ಕೂ ಬರುವ, ಇಂಗ್ಲಿಷಿನ ಎಲ್ ಅಕ್ಷರದ ಆಕಾರದ ಪ್ಲೇಟಾದ ಎಲ್ ಬ್ರಾಕೆಟ್ಟಿನ ವಿಷಯಕ್ಕೆ ತುಸು ಹೆಚ್ಚು ಜಾಗ ಕೇಳುತ್ತೇನೆ. ಮೊಬೈಲಿನಲ್ಲಿ ನೋಡುವವರು ಹೆಚ್ಚಿದಂತೆ ವೇಷಧಾರಿಯ ನಿಲುವುಚಿತ್ರಕ್ಕೆ ಕ್ಯಾಮೆರಾವನ್ನು ಅಡ್ಡಕ್ಕಿಂತ ಉದ್ದಕ್ಕೆ ಹಿಡಿಯುವ ಪ್ರಸಂಗಗಳೇ ಹೆಚ್ಚಾಗಿವೆ. ಬಾಲ್ ಹೆಡ್ಡಿನ ಪಕ್ಕದಲ್ಲಿರುವ ಸೀಳಿಗೆ ಕ್ಯಾಮೆರಾವನ್ನು ವಾಲಿಸಿದರೆ ಎರಡು ತೊಂದರೆಗಳು ಒಟ್ಟಿಗೆ ಬರುತ್ತವೆ. ಕ್ಯಾಮೆರಾದ ಭಾರವೆಲ್ಲ ಟ್ರೈಪಾಡಿನ ನಡುವಿನಿಂದ ಒಂದು ಪಕ್ಕಕ್ಕೆ ಸರಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಕ್ಯಾಮೆರಾವನ್ನು ಹಿಡಿದ ಆ ಒಂದೇ ಸ್ಕ್ರೂ ನೆಟ್ಟಗಿದ್ದದ್ದು ಅಡ್ಡವಾಗುತ್ತದೆ. ಮುಂದೆ ಚಾಚಿದ ಲೆನ್ಸಿನ ಭಾರ ಕ್ಯಾಮೆರಾವನ್ನು ಆ ಸ್ಕ್ರೂವಿನ ಸುತ್ತ ಕೆಳಕ್ಕೆ ತಿರುಗಿಸಲು ಸದಾ ಎಳೆಯುತ್ತಿರುತ್ತದೆ, ಮತ್ತು ವಾಲಿಸಿದ ಪಕ್ಕ ಯಾವುದು ಎಂಬುದರ ಮೇಲೆ ಆ ಎಳೆತ ಸ್ಕ್ರೂವನ್ನು ಬಿಗಿಯಬಹುದು ಅಥವಾ ಸಡಿಲಿಸಬಹುದು. ಯಕ್ಷಗಾನದ ವೇಷಧಾರಿ ದಿಗಿಣ ಹಾರಿ ಕುಣಿಯುವ ಹೊತ್ತಿಗೆ ರಂಗಸ್ಥಳದ ಹಲಗೆ ಅದುರುವಲ್ಲಿ, ಅದಕ್ಕೆ ತಾಗಿ ಟ್ರೈಪಾಡ್ ಇಟ್ಟವರಿಗೆ ಇದರ ಫಲ ಗೊತ್ತಿರುತ್ತದೆ. ಎಲ್ ಬ್ರಾಕೆಟ್ ಇದ್ದರೆ ಕ್ಯಾಮೆರಾವನ್ನು ಬಿಚ್ಚಿ, ಅದರ ಪಕ್ಕದ ತೋಳನ್ನೇ ಕ್ಲ್ಯಾಂಪಿಗೆ ಕೊಟ್ಟರಾಯಿತು. ಭಾರ ನಡುವಿನಲ್ಲಿಯೇ ಉಳಿಯುತ್ತದೆ, ಚೌಕಟ್ಟೂ ಹೆಚ್ಚು ಬದಲಾಗುವುದಿಲ್ಲ.

ಆದರೆ ಎಲ್ಲ ಕ್ಯಾಮೆರಾಗಳಿಗೂ ಆಗುತ್ತದೆಂದು ಮಾರುವ ಎಲ್ ಬ್ರಾಕೆಟ್ ಕೊಳ್ಳುವುದೆಂದರೆ ಕೈ ನೋಡದೆ ಬಳೆ ತಂದಂತೆ. ಬ್ಯಾಟರಿ ಬಾಗಿಲು ತಳದಲ್ಲಿರುತ್ತದೆ. ಅದಕ್ಕೆ ಬ್ರಾಕೆಟ್ ಅಡ್ಡ ಬಂದರೆ ಯಕ್ಷಗಾನವನ್ನು ಆರಂಭದ ಚೌಕಿಪೂಜೆಯಿಂದ ಬೆಳಗಿನ ಮಂಗಳದವರೆಗೆ ಚಿತ್ರೀಕರಿಸುವವರು ಪ್ರತಿ ಬಾರಿ ಬ್ಯಾಟರಿ ಬದಲಿಸಲು ಸ್ಕ್ರೂ ಬಿಚ್ಚಬೇಕಾಗುತ್ತದೆ. ಮೈಕಿನ ಮತ್ತು ಎಚ್‌ಡಿಎಂಐ ಕಿಂಡಿಗಳು ಎಡಪಕ್ಕದಲ್ಲಿರುವ ಕ್ಯಾಮೆರಾಗಳೇ ಹೆಚ್ಚು. ತೋಳು ಅಲ್ಲಿಯೇ ಬರುವುದರಿಂದ, ಹಿಮ್ಮೇಳದ ಧ್ವನಿಯನ್ನು ಮಿಕ್ಸರಿನಿಂದ ನೇರವಾಗಿ ಕ್ಯಾಮೆರಾಕ್ಕೆ ತೆಗೆದುಕೊಳ್ಳುವವರ ತಂತಿಗೆ ದಾರಿಯೇ ಇರುವುದಿಲ್ಲ. ನಿರ್ದಿಷ್ಟ ಮಾದರಿಗೆಂದೇ ಮಾಡಿದ ಬ್ರಾಕೆಟ್ಟಿನಲ್ಲಿ ಈ ಎಲ್ಲದಕ್ಕೂ ಜಾಗ ಬಿಟ್ಟಿರುತ್ತಾರೆ, ಕ್ಯಾಮೆರಾ ತಿರುಗದಂತೆ ತಡೆಯುವ ಸಣ್ಣ ಏಣೂ ಇರುತ್ತದೆ. ನಿಕಾನ್ ಝಡ್ 6 ಮತ್ತು ಝಡ್ 7ರ ಮೈಕಟ್ಟು ಒಂದೇ ಆದ್ದರಿಂದ ಒಂದರ ಬ್ರಾಕೆಟ್ ಇನ್ನೊಂದಕ್ಕೆ ಬರುತ್ತದೆ. ಅಂಥ ಭಾಗ್ಯ ಎಲ್ಲ ಮಾದರಿಗಳಿಗೂ ಇಲ್ಲ. ಹೊಸ ತಲೆಮಾರಿನ ಕ್ಯಾಮೆರಾ ಕೊಂಡಾಗ ಹಳೆಯ ಬ್ರಾಕೆಟ್ ಆಗುತ್ತದೆಂದು ಭಾವಿಸದಿರುವುದೇ ಲೇಸು.

ಇನ್ನು ಸ್ಕ್ರೂ. ಪ್ಲೇಟಿನ ಸ್ಕ್ರೂ ಕಳೆದುಹೋದಾಗ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ಆರು ಎಂಎಂ ಬೋಲ್ಟು ಕೊಡುತ್ತಾರೆ. ನೋಡಲು ಅದೇ ಗಾತ್ರ. ಕಾಲು ಇಂಚೆಂದರೆ 6.35 ಮಿಲಿಮೀಟರ್, ಅದರ ಸುತ್ತಿನಿಂದ ಸುತ್ತಿಗೆ 1.27 ಮಿಲಿಮೀಟರ್ ಅಂತರ. ಸಾಮಾನ್ಯ ಆರು ಎಂಎಂ ಬೋಲ್ಟಿನಲ್ಲಿ ಆ ಅಂತರ 1 ಮಿಲಿಮೀಟರ್. ಅದು ಒಂದೆರಡು ಸುತ್ತು ಒಳಗೆ ಹೋಗಿ ಬಿಗಿಯುತ್ತದೆ, ಕೂತಿತೆಂದು ನಂಬಿ ಒತ್ತಿ ತಿರುಗಿಸಿದರೆ ಕ್ಯಾಮೆರಾದ ಒಳಸುತ್ತುಗಳೇ ಕಿತ್ತುಬರುತ್ತವೆ. ಉದ್ದದಲ್ಲಿಯೂ ಇಷ್ಟೇ ಎಚ್ಚರ ಬೇಕು: ಟ್ರೈಪಾಡ್ ಸ್ಕ್ರೂ 5.5 ಮಿಲಿಮೀಟರಿಗಿಂತ ಕಡಿಮೆ ಇರಬೇಕು, ಇಲ್ಲವಾದರೆ ಕ್ಯಾಮೆರಾಕ್ಕೆ ಹಾನಿಯಾದೀತು ಎಂದು ಸೋನಿ ತನ್ನ ಕೈಪಿಡಿಗಳಲ್ಲಿ ಎಚ್ಚರಿಸುತ್ತದೆ. ಬೇಕಲ ಕೋಟೆಯ ಬುಡದಲ್ಲೋ ಮಂಜೇಶ್ವರದ ಕಡಲಂಚಿನಲ್ಲೋ ಕೆಲಸ ಮಾಡಿ ಬಂದವರು ಉಕ್ಕಿನ ಸ್ಕ್ರೂವನ್ನು ಅಲ್ಯುಮಿನಿಯಂ ಪ್ಲೇಟಿನಲ್ಲಿ ಮಳೆಗಾಲವಿಡೀ ಹಾಗೆಯೇ ಬಿಟ್ಟರೆ ಉಪ್ಪುಗಾಳಿಗೆ ಅವೆರಡೂ ಕಚ್ಚಿಕೊಳ್ಳುತ್ತವೆ. ಮಳೆಗಾಲಕ್ಕೆ ಮುನ್ನ ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ನಿಲ್ಲಿಸಿದಾಗ ಒಮ್ಮೆ ಬಿಚ್ಚಿ, ಒರಸಿ, ಸ್ಕ್ರೂವಿಗೆ ಮಾತ್ರ ಒಂದಿಷ್ಟು ಗ್ರೀಸ್ ಸವರಿಡುವುದು ಒಳ್ಳೆಯದು. ಕ್ಲ್ಯಾಂಪಿನ ದವಡೆಗೆ ಸವರಬಾರದು.

ಹೆಸರಾಂತ ಕ್ಯಾಮೆರಾ ಅಂಗಡಿಗಳು ಬೇಕೆಂದರೆ ನಾವು ಮಂಗಳೂರಿಗೆ ಹೋಗಬೇಕು, ಇಲ್ಲವೇ ಆನ್‌ಲೈನಿನಲ್ಲಿ ತರಿಸಬೇಕು. ಕ್ಲ್ಯಾಂಪು ಮನೆಯಲ್ಲಿ, ಪ್ಲೇಟು ಅಂಗಡಿಯಲ್ಲಿ. ಎರಡೂ ಮುಖಾಮುಖಿಯಾಗುವುದು ದುಡ್ಡು ಕೊಟ್ಟ ಮೇಲೆ. ಪೊಟ್ಟಣದ ಮೇಲಿನ ಅಳತೆ ನಮ್ಮಂಥವರಿಗೆ ಹೆಚ್ಚು ಅಗತ್ಯವಾಗುವುದು ಈ ಕಾರಣಕ್ಕೆ. ಇದಕ್ಕೆ ಹೊಸ ಕಾನೂನೇನೂ ಬೇಕಾಗಿಲ್ಲ. 2011ರ ಲೀಗಲ್ ಮೆಟ್ರಾಲಜಿ (ಕಾನೂನುಬದ್ಧ ತೂಕ ಮತ್ತು ಅಳತೆ) ಪೊಟ್ಟಣ ಸಾಮಗ್ರಿ ನಿಯಮಗಳ 6ನೇ ನಿಯಮವು, ಸಾಮಗ್ರಿಯ ಗಾತ್ರ ಮುಖ್ಯವಾಗುವ ಕಡೆ ಅದರ ಅಳತೆಗಳನ್ನು ಪೊಟ್ಟಣದ ಮೇಲೆ ನಮೂದಿಸಬೇಕೆಂದು ಈಗಾಗಲೇ ಹೇಳುತ್ತದೆ. ಒಳಗಿನ ತುಂಡುಗಳ ಗಾತ್ರ ಬೇರೆ ಬೇರೆಯಾಗಿದ್ದರೆ ಪ್ರತಿಯೊಂದರ ಅಳತೆಯನ್ನೂ ಕೊಡಬೇಕೆನ್ನುತ್ತದೆ. ಕ್ಲ್ಯಾಂಪಿಗೂ ಪ್ಲೇಟಿಗೂ ಗಾತ್ರ ಮುಖ್ಯವಲ್ಲದಿದ್ದರೆ ಇನ್ನಾವ ಸಾಮಾನಿಗೆ ಮುಖ್ಯ?

ಕೇರಳದ ಲೀಗಲ್ ಮೆಟ್ರಾಲಜಿ ಇಲಾಖೆ ನಮ್ಮ ಜಿಲ್ಲೆಯಲ್ಲಿ ಮಾರಾಟವಾಗುವ ಇಂಥ ಪೊಟ್ಟಣಗಳನ್ನು ಒಮ್ಮೆ ಪರಿಶೀಲಿಸಬೇಕೆಂದು ಪತ್ರಿಕೆಯ ಮೂಲಕ ಕೋರುತ್ತೇನೆ. ಓರೆ ಅಂಚಿನ ಮೇಲ್ಭಾಗದ ಮತ್ತು ಕೆಳಭಾಗದ ಅಗಲ, ಕ್ಲ್ಯಾಂಪಾದರೆ ದವಡೆ ತೆರೆದುಕೊಳ್ಳುವ ಕನಿಷ್ಠ ಮತ್ತು ಗರಿಷ್ಠ ಅಂತರ, ಸ್ಕ್ರೂವಿನ ಸುತ್ತು ಮತ್ತು ಪ್ಲೇಟಿನಿಂದ ಹೊರಚಾಚುವ ಉದ್ದ, ಎಲ್ ಬ್ರಾಕೆಟ್ಟಾದರೆ ಯಾವ ಯಾವ ಮಾದರಿಯ ಕ್ಯಾಮೆರಾಕ್ಕೆ ಎಂಬ ವಿವರ: ಇಷ್ಟನ್ನು ಮುದ್ರಿಸಲು ಬೆಂಕಿಪೆಟ್ಟಿಗೆಯಷ್ಟು ಜಾಗ ಸಾಕು. ಇಲಾಖೆ ಕಣ್ತೆರೆಯುವವರೆಗೆ ಅಂಗಡಿಯವರು ತಮ್ಮ ಮೇಜಿನ ಮೇಲೊಂದು ವರ್ನಿಯರ್ ಕ್ಯಾಲಿಪರ್ ಇಟ್ಟು, ಗ್ರಾಹಕರೆದುರು ಅಳೆದು ಆ ಅಂಕಿಯನ್ನು ಬಿಲ್ಲಿನಲ್ಲಿ ಬರೆದುಕೊಡಲಿ. ಗ್ರಾಹಕರು ಟ್ರೈಪಾಡನ್ನು ಹೊರಲಾಗದಿದ್ದರೂ ಅದರ ಹೆಡ್ಡನ್ನಾದರೂ ಬಿಚ್ಚಿ ಚೀಲದಲ್ಲಿ ಹಾಕಿಕೊಂಡು ಹೋಗಲಿ.

ಇತಿ,
ಓರ್ವ ಓದುಗ,
ಬದಿಯಡ್ಕ, ಕಾಸರಗೋಡು ಜಿಲ್ಲೆ