ಮಗಳಿಗೊಂದು ಪತ್ರ: ಮೊದಲು ನೆಲಕ್ಕೆ ಬೆನ್ನು ಕೊಡು

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ಇನ್ನೂ ನನ್ನ ತಲೆಯಲ್ಲೇ ಉಂಟು. ಕುತ್ತಿಗೆ ನೋವಿಗೆಂದು ಯೋಗ ಕ್ಲಾಸಿಗೆ ಸೇರಿದೆ, ಈಗ ಕುತ್ತಿಗೆಯ ಜೊತೆ ಸೊಂಟವೂ ನೋಯುತ್ತಿದೆ, ಕೊನೆಗೆ "ನನ್ನ ಮೈಯೇ ಸರಿ ಇಲ್ಲಮ್ಮ" ಅಂದೆಯಲ್ಲ. ಅದಕ್ಕೆ ಫೋನಿನಲ್ಲಿ ಉತ್ತರ ಹೇಳಿ ಮುಗಿಯುವುದಿಲ್ಲ. ನಿನ್ನ ಮೈ ಸರಿಯಾಗಿಯೇ ಉಂಟು. ಬೆಳಗ್ಗಿನಿಂದ ಅಲ್ಲಾಡದೆ ಕೂತ ಮೈಯನ್ನು ಸಂಜೆ ಒಂದೇ ಗಂಟೆಯಲ್ಲಿ ಬಗ್ಗಿಸಿ, ತಿರುಗಿಸಿ, ತಲೆಕೆಳಗೆ ಮಾಡಿ ನಿಲ್ಲಿಸಿದರೆ ಅದು ನೋಯದೆ ಇನ್ನೆಂತ ಮಾಡಬೇಕು?

ನೀನು ಮಾಡುವ ಆ ಓಟದ ಯೋಗ ಇದೆಯಲ್ಲ, ಉಸಿರಿಗೊಂದು ಜಿಗಿತ, ಒಂದರ ಬೆನ್ನಿಗೆ ಇನ್ನೊಂದು ಆಸನ, ಅದು ಬೆಳೆದದ್ದು ಮೈಸೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಿಂದ ಯೋಗಗುರು ಕೃಷ್ಣಮಾಚಾರ್ಯರು ಅರಮನೆಯ ಯೋಗಶಾಲೆ ನಡೆಸುತ್ತಿದ್ದರು. ಅಲ್ಲಿ ಕಲಿಯುತ್ತಿದ್ದವರು ಹೆಚ್ಚಾಗಿ ಹುಡುಗರು. ಕಂಪ್ಯೂಟರ್ ಮುಂದೆ ಕೂತು ಗೊತ್ತಿಲ್ಲದ, ಓಡಾಡುವ ವಯಸ್ಸಿನ ಹುಡುಗರು. ಅದೇ ಕೃಷ್ಣಮಾಚಾರ್ಯರು ಮುಂದೆ ಮದ್ರಾಸಿನಲ್ಲಿ ಒಬ್ಬೊಬ್ಬರನ್ನೇ ಎದುರಿಗೆ ಕೂರಿಸಿಕೊಂಡು, ವಯಸ್ಸು ನೋಡಿ, ಕಾಯಿಲೆ ನೋಡಿ, ಉಸಿರು ನೋಡಿ ಬೇರೆ ಬೇರೆಯಾಗಿ ಕಲಿಸಿದರು. ಅವರ ಶಿಷ್ಯ ಬಿ.ಕೆ.ಎಸ್. ಅಯ್ಯಂಗಾರರು ಕೋಲಾರದ ಬೆಳ್ಳೂರಿನವರು, ಚಿಕ್ಕಂದಿನಲ್ಲಿ ಕಾಯಿಲೆ ಬಿದ್ದು ಬಿದ್ದು ಸೊರಗಿದ್ದವರು. ಬೆಲ್ಟು, ಕುರ್ಚಿ, ಮರದ ತುಂಡು ಎಲ್ಲವನ್ನೂ ಆಸರೆಗೆ ಇಟ್ಟು ಆಸನ ಮಾಡಿಸಿದರು. ದೊಡ್ಡವರೇ ಹಾಗೆ ಮಾಡಿದ್ದಾರೆ. ನಿನಗೆ ಆಗದ್ದನ್ನು ಬಿಡಲು ನಾಚಿಕೆ ಯಾಕೆ? ಪತಂಜಲಿಯ ಯೋಗಸೂತ್ರದಲ್ಲಿ ಇನ್ನೂರರ ಹತ್ತಿರ ಸೂತ್ರಗಳಿವೆ, ಅದರಲ್ಲಿ ಆಸನಕ್ಕೆ ಮೀಸಲು ಮೂರೇ ಮೂರು. ಸ್ಥಿರವಾಗಿರಲಿ, ಸುಖವಾಗಿರಲಿ ಎಂದು ಮೊದಲು ಹೇಳುವುದೇ ಅಲ್ಲಿ. ನಿನ್ನ ಕ್ಲಾಸಿನಲ್ಲಿ ಸುಖದ ಸುದ್ದಿಯೇ ಇಲ್ಲ ಅಂತ ನನಗನಿಸುತ್ತದೆ.

ನಮ್ಮ ಚಾವಡಿಯಲ್ಲಿ ಸಂಜೆ ಹೊತ್ತು ನೆರೆಕರೆಯ ಹೆಂಗಸರು ಸೇರುವುದು ನಿನಗೆ ಗೊತ್ತು. ಈಗೀಗ ನಾವು ಆಸನಕ್ಕಿಂತ ಜಾಸ್ತಿ ನಿಧಾನದ ಚಲನೆಯನ್ನೇ ಮಾಡುತ್ತೇವೆ. ಸೊಮ್ಯಾಟಿಕ್ ಅಂತ ನೀವೆಲ್ಲ ಹೇಳುತ್ತೀರಲ್ಲ, ಅದು. ಅಮೆರಿಕದ ಥಾಮಸ್ ಹಾನ್ನಾ ಎನ್ನುವವರು 1970ರ ದಶಕದಲ್ಲಿ ಆ ಹೆಸರನ್ನು ಬಳಕೆಗೆ ತಂದರು. ಅವರಿಗೂ ಮೊದಲು ಮೋಶೆ ಫೆಲ್ಡನ್‌ಕ್ರೈಸ್ ಎನ್ನುವ ಎಂಜಿನಿಯರ್ ಇದ್ದರು, ಜೂಡೋ ಆಡುವವರು. ಮೊಣಕಾಲು ಕೆಟ್ಟಾಗ, ತಾನು ಹೇಗೆ ನಡೆಯುತ್ತೇನೆ ಅಂತ ತನ್ನನ್ನೇ ಗಮನಿಸಿ ಗಮನಿಸಿ ದಾರಿ ಕಂಡುಕೊಂಡರು. ಹಾನ್ನಾ ಹೇಳಿದ್ದು ಇಷ್ಟು: ಒಂದು ಸ್ನಾಯು ವರ್ಷಗಟ್ಟಲೆ ಬಿಗಿಯಾಗಿಯೇ ಇದ್ದರೆ, ಅದು ಬಿಗಿಯಾಗಿದೆ ಎನ್ನುವುದೇ ಮಿದುಳಿಗೆ ಮರೆತುಹೋಗುತ್ತದೆ. ಮರೆತದ್ದನ್ನು ಬಲವಂತವಾಗಿ ಎಳೆದರೆ ಪ್ರಯೋಜನ ಇಲ್ಲ. ಗಬಕ್ಕನೆ ಎಳೆದ ಸ್ನಾಯು ತನ್ನನ್ನು ಕಾಪಾಡಿಕೊಳ್ಳಲು ಇನ್ನೂ ಬಿಗಿಯುತ್ತದೆ.

ನಾಯಿ ಮಲಗಿ ಎದ್ದ ಕೂಡಲೇ ಮುಂಗಾಲು ಚಾಚಿ ಮೈಮುರಿಯುವುದನ್ನು ನೋಡಿದ್ದೀಯಲ್ಲ. ಅದು ಸುಮ್ನೆ ಕಾಲು ಎಳೆಯುವುದಲ್ಲ. ಮೊದಲು ಬಿಗಿ ಮಾಡುತ್ತದೆ, ಆಮೇಲೆ ಮೆಲ್ಲ ಬಿಡುತ್ತದೆ. ನಾವೂ ಅದನ್ನೇ ಬೇಕೆಂದೇ ಮಾಡುವುದು. ನೆಲಕ್ಕೆ ಚಾಪೆ ಹಾಸಿ ಬೆನ್ನು ಕೊಟ್ಟು ಮಲಗು. ಹಾಸಿಗೆ ಬೇಡ, ಹಾಸಿಗೆಯಲ್ಲಿ ಎಂತದೂ ಗೊತ್ತಾಗುವುದಿಲ್ಲ. ಮಂಡಿ ಮಡಚಿ ಪಾದ ಊರು. ಸ್ವಲ್ಪ ಹೊತ್ತು ಏನೂ ಮಾಡಬೇಡ, ಬೆನ್ನಿನ ಯಾವ ಭಾಗ ನೆಲಕ್ಕೆ ತಾಗಿದೆ, ಯಾವುದು ತಾಗಿಲ್ಲ ನೋಡು. ಎಡಬಲ ಒಂದೇ ಥರ ಇರುವುದಿಲ್ಲ. ಆಮೇಲೆ ಉಸಿರು ಎಳೆಯುತ್ತಾ ಸೊಂಟದ ಹಿಂಭಾಗವನ್ನು ಒಂದಿಷ್ಟೇ ನೆಲದಿಂದ ಎತ್ತು, ಉಸಿರು ಬಿಡುತ್ತಾ ಅದನ್ನು ನೆಲಕ್ಕೆ ಇಳಿಸು. ತೀರಾ ಸಣ್ಣ ಚಲನೆ. ಪಕ್ಕದಲ್ಲಿ ಕೂತವರಿಗೆ ಕಾಣಬಾರದು, ಅಷ್ಟು ಸಣ್ಣದು.

ಭುಜಕ್ಕೂ ಹಾಗೆಯೇ. ನಿನ್ನ ಭುಜ ಮೊದಲೇ ಕಿವಿಯ ಹತ್ತಿರ ಹೋಗಿ ಕೂತಿದೆ, ವಿಡಿಯೊ ಕಾಲಿನಲ್ಲಿ ಕಾಣುತ್ತದೆ. ಅದನ್ನು ಕೆಳಗೆ ಒತ್ತಬೇಡ. ನೀನಾಗಿಯೇ ಇನ್ನೂ ಸ್ವಲ್ಪ ಮೇಲೆತ್ತು. ಈಗ ಅದನ್ನು ಇಳಿಸು, ಎಷ್ಟು ನಿಧಾನ ಸಾಧ್ಯವೋ ಅಷ್ಟು ನಿಧಾನ. ನಡುವೆ ಎಲ್ಲೋ ಒಂದು ಕಡೆ ಭುಜ ತಡವರಿಸುತ್ತದೆ, ನಡುಗುತ್ತದೆ, ಇಲ್ಲವೇ ಫಕ್ಕನೆ ಜಾರುತ್ತದೆ. ನಿನ್ನ ಹಿಡಿತ ತಪ್ಪಿರುವುದು ಅಲ್ಲೇ, ಆ ಜಾಗದಲ್ಲಿ ಇನ್ನೂ ನಿಧಾನ ಮಾಡು. ಮತ್ತೆ ಸುಮ್ಮನೆ ಮಲಗು. ಈ ಸುಮ್ಮನಿರುವುದು ಬಿಡುವಿನ ಹೊತ್ತು ಅಂತ ತಿಳಿಯಬೇಡ, ಕೆಲಸದ ಅರ್ಧ ಆಗುವುದೇ ಆಗ.

ಇನ್ನೊಂದು ಮಾಡಿ ನೋಡು, ನನಗೆ ಇದು ಬಹಳ ಇಷ್ಟ. ತಲೆಬುರುಡೆಯ ಹಿಂದೆ, ಕುತ್ತಿಗೆ ಸೇರುವಲ್ಲಿ ಎರಡೂ ಕೈಯ ಬೆರಳು ಇಡು. ಕಣ್ಣು ಮುಚ್ಚಿ, ತಲೆ ಅಲ್ಲಾಡಿಸದೆ, ಬರೀ ಕಣ್ಣುಗುಡ್ಡೆಯನ್ನು ಎಡಕ್ಕೆ ಬಲಕ್ಕೆ ಆಡಿಸು. ಬೆರಳಡಿಯಲ್ಲಿ ಸಣ್ಣ ಸಣ್ಣ ಸ್ನಾಯುಗಳು ಮಿಸುಕುವುದು ಗೊತ್ತಾಗುತ್ತದೆ. ಕಣ್ಣು ಪರದೆಗೆ ಅಂಟಿದರೆ ಕುತ್ತಿಗೆಯೂ ಅಲ್ಲೇ ಹಿಡಿದು ನಿಲ್ಲುತ್ತದೆ, ಮೇಲಿಂದ ನಾಲ್ಕೈದು ಕಿಲೋ ತೂಕದ ತಲೆ ಬೇರೆ ಮುಂದಕ್ಕೆ ವಾಲಿಕೊಂಡು. ಆಗಾಗ ದೂರ ನೋಡು ಅಂತ ನಾನು ಹೇಳುವುದು ಕಣ್ಣಿಗಾಗಿ ಮಾತ್ರ ಅಲ್ಲ, ಆಯ್ತಾ.

ಹೊಟ್ಟೆಯ ಮಾತನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಹೆಣ್ಣುಮಕ್ಕಳು ದೊಡ್ಡವರಾಗುತ್ತಾ ಹೊಟ್ಟೆ ಒಳಗೆ ಎಳೆದುಕೊಂಡೇ ನಿಲ್ಲಲು ಕಲಿಯುತ್ತಾರೆ. ಎದೆ ಮರೆಸಲು ಭುಜ ಮುಂದಕ್ಕೆ, ಕೂರುವಾಗ ಮಂಡಿ ಒತ್ತಿ. ಹಾಗೆ ಹಿಡಿದ ಹೊಟ್ಟೆಯಲ್ಲಿ ಉಸಿರು ಇಳಿಯಲು ಜಾಗವೇ ಇಲ್ಲ, ಕುತ್ತಿಗೆಯ ಸ್ನಾಯುಗಳು ಎದೆಯನ್ನು ಎತ್ತಿ ಎತ್ತಿ ಉಸಿರಾಡಬೇಕು. ಒಬ್ಬಳೇ ಇರುವಾಗ ಹೊಟ್ಟೆ ಸಡಿಲ ಬಿಡು. ಉಸಿರನ್ನು ಎಳೆದುಕೊಳ್ಳುವುದಕ್ಕಿಂತ ಉದ್ದಕ್ಕೆ ಬಿಡು. ಉಸಿರು ಬಿಡುವಾಗ ಎದೆಬಡಿತ ತಾನಾಗಿಯೇ ಸ್ವಲ್ಪ ನಿಧಾನ ಆಗುತ್ತದೆ, ನಾಡಿ ಹಿಡಿದು ನೋಡಿದರೆ ನಿನಗೇ ತಿಳಿಯುತ್ತದೆ.

ಇನ್ನು, ಊರಲ್ಲಿದ್ದಿದ್ದರೆ ಇದೆಲ್ಲ ಬರುತ್ತಿರಲಿಲ್ಲ ಅಂತ ನೀನು ಅಂದದ್ದನ್ನು ನಾನು ಒಪ್ಪುವುದಿಲ್ಲ. ಅಡಿಕೆ ಸುಲಿಯುವವರ ಒಂದು ಭುಜ ಇನ್ನೊಂದಕ್ಕಿಂತ ಮೇಲೆ ಹೋಗಿರುತ್ತದೆ. ತೋಟದಲ್ಲಿ ದಿನವಿಡೀ ಬಗ್ಗಿ ಹಾಳೆ, ಸೋಗೆ ಎಳೆಯುವವರಿಗೂ ಸೊಂಟ ಹಿಡಿಯುತ್ತದೆ. ದುಡಿಮೆ ಬೇರೆ, ಚಲನೆ ಬೇರೆ. ಒಂದೇ ಬದಿಗೆ ಒಂದೇ ಥರ ಸಾವಿರ ಸಲ ಬಗ್ಗಿದರೆ ಮೈಗೆ ಅದೂ ಒಂದು ಕುರ್ಚಿಯೇ.

ಪ್ರಕೃತಿಗೆ ಮರಳಿ ಎಂದು ಹೇಳುವುದು ಸುಲಭ, ನಮ್ಮ ಕಡೆಯವರಿಗೆ ಅದು ಅಷ್ಟು ಸಲೀಸು ಮಾತಲ್ಲ. ನಮ್ಮ ಕಾಸರಗೋಡಿನ ಎಣ್ಮಕಜೆಯ ಸ್ವರ್ಗ, ಪಡ್ರೆ ಕಡೆಯ ಗುಡ್ಡಗಳನ್ನು ನೀನು ನೋಡಿದ್ದೀಯ. 1970ರ ದಶಕದ ಕೊನೆಯಿಂದ 2000ದ ತನಕ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎನ್ನುವ ಕೀಟನಾಶಕ ಸುರಿದರು. ಗುಡ್ಡದ ಮೇಲೆ ಬಿದ್ದದ್ದು ತೋಡಿಗೆ ಇಳಿಯಿತು, ನಾವು ಕುಡಿಯುವ ನೀರಿಗೆ ಬಂತು. ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ಅದನ್ನು ತಡೆದದ್ದು 2011ರಲ್ಲಿ. ನಮ್ಮ ಚಾವಡಿಗೆ ಬರುವವರಲ್ಲಿ ಒಬ್ಬ ತಾಯಿ ಇದ್ದಾರೆ, ಎದ್ದು ನಡೆಯಲಾಗದ ಬೆಳೆದ ಮಗನನ್ನು ದಿನಾ ಎತ್ತಿ ಮೀಯಿಸುತ್ತಾರೆ. ಮೊದಲ ದಿನ ನೆಲಕ್ಕೆ ಬೆನ್ನು ಕೊಟ್ಟವರು ಹಾಗೆಯೇ ನಿದ್ದೆ ಹೋದರು. ನಾವು ಯಾರೂ ಎಬ್ಬಿಸಲಿಲ್ಲ. ಮೈ ಬೇರೆ, ಮಣ್ಣು ಬೇರೆ ಅಂತ ಯಾರಾದರೂ ಹೇಳಿದರೆ ನನಗೆ ಆ ತಾಯಿಯ ಮುಖ ಕಣ್ಣಿಗೆ ಬರುತ್ತದೆ.

ಅಷ್ಟೆಲ್ಲ ಆದರೂ ಈ ಸೋಣ ತಿಂಗಳಲ್ಲಿ ಪದವಿಗೆ, ಗುಡ್ಡದ ಮೇಲಿನ ಆ ಮುರಕಲ್ಲಿನ ಬಯಲಿಗೆ ಹೋದರೆ ನನಗೆ ಮನೆಗೆ ಬರುವ ಮನಸ್ಸೇ ಆಗುವುದಿಲ್ಲ. ಮುರಕಲ್ಲಿನ ಹೊಂಡಗಳಲ್ಲಿ ನೀರು ನಿಂತಿದೆ, ಸುತ್ತ ಆ ನೀಲಿ ಪುಟ್ಟ ಹೂಗಳು ತುಂಬಿವೆ. ನೋಡಲು ಎಳೆಯ ಮಕ್ಕಳ ಹಾಗೆ, ಆದರೆ ಅದರ ಬೇರಿನ ಜಾಗದಲ್ಲಿ ಸಣ್ಣ ಸಣ್ಣ ಚೀಲಗಳಿವೆ, ನೀರಿನ ಹುಳ ಹಿಡಿದು ತಿನ್ನುವ ಗಿಡ ಅದು. ಆ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದರೆ ಒಂದೊಂದು ಹೆಜ್ಜೆಯೂ ಬೇರೆ. ಒಮ್ಮೆ ಪಾದದ ಅಂಚು, ಒಮ್ಮೆ ಬೆರಳು, ಹಿಮ್ಮಡಿ ಮಾತ್ರ ಒಮ್ಮೆ. ಕಾಲಿನ ಗಂಟು, ಮಂಡಿ, ಸೊಂಟ, ಒಳಕಿವಿ ಎಲ್ಲ ಒಟ್ಟಿಗೆ ಲೆಕ್ಕ ಹಾಕಬೇಕು. ಟೈಲ್ಸ್ ನೆಲದಲ್ಲಿ ಅವುಗಳಿಗೆ ಕೆಲಸವೇ ಇಲ್ಲ ನೋಡು. ಕಾಲಲ್ಲಿ ಗಾಯ ಇದ್ದರೆ ಮಾತ್ರ ಮಳೆಗಾಲದ ಕೆಸರಿಗೆ, ನಿಂತ ನೀರಿಗೆ ಬರಿಗಾಲು ಬೇಡ, ಇಲಿಜ್ವರದ ಭಯ ಇದ್ದೇ ಇದೆ.

ಬೆಂಗಳೂರಿನಲ್ಲಿ ಪದವು ಎಲ್ಲಿಂದ ತರಲಿ ಅಂತ ಕೇಳಬೇಡ. ಲಾಲ್‌ಬಾಗ್ ಬಂಡೆ ಉಂಟಲ್ಲ. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು ಅದು. ಬೆಳಿಗ್ಗೆ ಜನ ಕಮ್ಮಿ ಇರುವಾಗ ಹೋಗಿ ಚಪ್ಪಲಿ ಕಳಚಿ ನಡೆ. ಫೋನು ಚೀಲದಲ್ಲೇ ಇರಲಿ, ಹೆಜ್ಜೆ ಎಣಿಸುವ ಆ ವಾಚೂ ಬೇಡ.

ಮತ್ತೆ, ಕೈ ಜೋಮು ಹಿಡಿದರೆ, ಬೆರಳಲ್ಲಿ ಹಿಡಿದ ಲೋಟ ಜಾರುತ್ತದೆ ಅಂತಾದರೆ, ರಾತ್ರಿ ನೋವಿಗೆ ಎಚ್ಚರ ಆದರೆ ನನ್ನ ಈ ಪತ್ರ ಓದುತ್ತಾ ಕೂರಬೇಡ, ಮೊದಲು ಡಾಕ್ಟರಿಗೆ ತೋರಿಸು. ಇದು ಎಲ್ಲ ಕಾಯಿಲೆಗೂ ಮದ್ದು ಅಂತ ಹೇಳುವವರನ್ನು ನಾನು ನಂಬುವುದಿಲ್ಲ, ನೀನೂ ನಂಬಬೇಡ. ಕ್ಲಾಸನ್ನು ಪೂರ್ತಿ ಬಿಡಬೇಕೆಂದೂ ಇಲ್ಲ. ಅಲ್ಲಿಯ ಟೀಚರಿಗೆ ಸೊಂಟ ನೋಯುವ ವಿಷಯ ಬಾಯಿಬಿಟ್ಟು ಹೇಳು, ಬದಲಿ ಆಸನ ಕೇಳು. ಕೊಡದಿದ್ದರೆ ಆಗ ಬಿಡು.

ಈ ವಾರ ಬೇರೇನೂ ಬೇಡ. ಮಲಗುವ ಮೊದಲು ಆ ಭುಜದ್ದೊಂದು ಮಾಡು. ಎಡ ಮತ್ತು ಬಲ ಒಂದೇ ಥರ ಇಳಿಯುತ್ತದಾ, ಯಾವುದು ಎಲ್ಲಿ ತಡವರಿಸುತ್ತದೆ ಅಂತ ನೋಡಿಟ್ಟು ಭಾನುವಾರ ಹೇಳು. ಮುಂದಿನದ್ದನ್ನು ಅದು ಕೇಳಿಯೇ ಬರೆಯುತ್ತೇನೆ.

ಇತಿ ನಿನ್ನ,
ಅಮ್ಮ