ಆಶ್ಲೇಷ ಮಳೆಗೆ ಮೊದಲು ಬಾಗಿಲ ಹಿಂದೊಂದು ಚೀಲ

ಮಾನ್ಯರೇ,

ಮುಂಗಾರು ಹತ್ತಿರ ಬಂದರೆ ನಮ್ಮ ಮಲೆನಾಡಿನ ಮನೆಗಳಲ್ಲಿ ಸೌದೆ ಒಳಗೆ ಸೇರುತ್ತದೆ, ಹೆಂಚು ಕೈಯಾಡಿಸಿ ಮುಗಿಯುತ್ತದೆ, ಹಪ್ಪಳ ಸಂಡಿಗೆ ಡಬ್ಬಿ ತುಂಬುತ್ತದೆ. ಅದರ ಜೊತೆಗೆ ಇನ್ನೊಂದು ಕೆಲಸವೂ ಆಗಲಿ ಎಂದು ಕೇಳಿಕೊಳ್ಳಲು ಈ ಪತ್ರ. ಮನೆ ಬಿಟ್ಟು ಓಡುವ ಹೊತ್ತು ಬಂದರೆ ಕೈಗೆ ಸಿಗುವ ಹಾಗೆ ಒಂದು ಚೀಲ ಕಟ್ಟಿಡಿ.

2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ, ಆಲೇಖಾನ್ ಹೊರಟ್ಟಿಯಲ್ಲಿ ಗುಡ್ಡ ಜಾರಿದ್ದು ಎಲ್ಲರಿಗೂ ನೆನಪಿದೆ. ನಮ್ಮ ಮನೆ ಅಲ್ಲಿಂದ ದೂರ. ಕುಸಿದದ್ದು ನಮ್ಮ ಹಿತ್ತಲಿನ ಧರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ. ಆದರೂ ಆ ರಾತ್ರಿ ಗೋಡೆ ಬಿರುಕು ಬಿಟ್ಟ ಸದ್ದಿಗೆ ಎದ್ದು ಹೊರಡಲೇಬೇಕಾಯಿತು. ಕರೆಂಟ್ ಹೋಗಿ ಮೂರು ದಿನವಾಗಿತ್ತು, ಮೊಬೈಲ್ ಸತ್ತಿತ್ತು. ನಾನು ಕತ್ತಲಲ್ಲಿ ತಡಕಾಡಿ ಕಾಗದಪತ್ರದ ತಗಡಿನ ಪೆಟ್ಟಿಗೆ ಎಳೆದೆ. ಅತ್ತೆ ಕೂಗಿದರು: ‘ಪೆಟ್ಟಿಗೆ ಬಿಡೇ, ಮಕ್ಕಳ ಕೈ ಹಿಡ್ಕೊ!’ ಬಿಟ್ಟೆ. ಎರಡು ದಿನ ಬಿಟ್ಟು ಯಜಮಾನರು ಅದನ್ನು ಕೆಸರಿನಿಂದ ತೆಗೆದು ತಂದರು. ಪಾಸ್‌ಬುಕ್ ಹಾಳೆಗಳು ಒಂದಕ್ಕೊಂದು ಅಂಟಿ ಹಲಗೆಯಂತಾಗಿದ್ದವು. ಪಹಣಿಯ ಅಕ್ಷರ ನೀಲಿ ನೀರಾಗಿ ಹರಿದಿತ್ತು. ಮನೆ ಪೂರ್ತಿ ಕಳೆದುಕೊಂಡವರಿಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿದಾಗ ಊರಿನಲ್ಲಿ ಎಷ್ಟೋ ಜನ ಮೊದಲು ಹುಡುಕಿದ್ದು ಇಂಥ ಕಾಗದಗಳನ್ನೇ.

ಮಾರನೆಯ ವರ್ಷ ನನ್ನ ಮೈದುನ ಬೆಂಗಳೂರಿನಿಂದ ಆನ್‌ಲೈನಿನಲ್ಲಿ 1,800 ರೂಪಾಯಿಯ ರೆಡಿ ಕಿಟ್ ತರಿಸಿಕೊಟ್ಟ. ಪಾಪ, ಪ್ರೀತಿಯಿಂದಲೇ ಕೊಟ್ಟದ್ದು. ದಿಕ್ಸೂಚಿ, ಮಡಚುವ ಚಾಕು, ಚೂಯಿಂಗ್ ಗಮ್ ಸುತ್ತುವ ಕಾಗದದಂಥ ಹೊಳೆಯುವ ಹೊದಿಕೆ. ಹೊದಿಕೆ ಬಿಡಿಸಿದ ದಿನವೇ ಹರಿಯಿತು. ನಮ್ಮ ಊರಿನಲ್ಲಿ ದಿಕ್ಕು ತಪ್ಪುವ ಭಯವಿಲ್ಲ, ನೆನೆಯುವ ಭಯ. ಬೇಕಾದದ್ದು ಪೇಟೆಯಲ್ಲಿ, ಸಂತೆಯಲ್ಲಿ, ಅರ್ಧದಷ್ಟು ಮನೆಯಲ್ಲೇ ಸಿಗುತ್ತದೆ.

ಮೊದಲು ಚೀಲದ ಮಾತು. ನಾನು ಹೊಲಿಗೆ ಕೆಲಸದವಳು, ಇದನ್ನು ಅನುಭವದಿಂದ ಹೇಳುತ್ತೇನೆ. ಸೂಟ್‌ಕೇಸ್ ಬೇಡ, ಟ್ರಂಕ್ ಬೇಡ. ಜಾರುವ ದಾರಿಯಲ್ಲಿ ಎರಡೂ ಕೈ ಖಾಲಿ ಇರಬೇಕು, ಒಂದರಲ್ಲಿ ಮಗು, ಇನ್ನೊಂದರಲ್ಲಿ ಕೋಲು. ಮಕ್ಕಳು ಬಿಟ್ಟ ಹಳೆಯ ಸ್ಕೂಲ್ ಬ್ಯಾಗ್ ಸಾಕು. ಅದೂ ಇಲ್ಲದಿದ್ದರೆ ಗೊಬ್ಬರದ ಚೀಲಕ್ಕೆ ಎರಡು ಪಟ್ಟಿ ಹಾಕಿ ಬೆನ್ನಿಗೆ ಏರಿಸಬಹುದು. ಚೀಲವನ್ನು ಮೂರು ನೀರಿನಲ್ಲಿ ತೊಳೆಯಿರಿ. ಯೂರಿಯಾ ಉಳಿದಿದ್ದರೆ ಗಾಳಿಯ ತೇವ ಎಳೆದುಕೊಂಡು ಸದಾ ಜಿನುಗುತ್ತಿರುತ್ತದೆ. ಆದರೆ ಎಷ್ಟೇ ಗಟ್ಟಿ ಬಟ್ಟೆಯಲ್ಲಿ ಹೊಲಿದರೂ ಸೂಜಿ ಚುಚ್ಚಿದ ಪ್ರತಿ ತೂತಿನಿಂದ ನೀರು ಒಳಗೆ ಬರುತ್ತದೆ. ‘ವಾಟರ್‌ಪ್ರೂಫ್’ ಎಂದು ಬರೆದ ಎಷ್ಟೋ ಬ್ಯಾಗುಗಳೂ ಹೊಲಿಗೆಯ ಸಾಲಿನಲ್ಲೇ ಸೋರುವುದು. ಆದ್ದರಿಂದ ನೀರು ತಡೆಯುವ ಕೆಲಸವನ್ನು ಹೊರಗಿನ ಬ್ಯಾಗಿಗೆ ಬಿಡಬೇಡಿ. ಒಳಗೊಂದು ದಪ್ಪ ಪ್ಲಾಸ್ಟಿಕ್ ಕವರ್ ಇಟ್ಟು, ಸಾಮಾನು ತುಂಬಿ, ಬಾಯಿಯನ್ನು ಹಗ್ಗದಂತೆ ತಿರುಚಿ, ಮಡಚಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿಯಿರಿ. ನಾನು ಹೀಗೆ ಕಟ್ಟಿದ ಹಳೆಯ ದಿನಪತ್ರಿಕೆಯನ್ನು ಒಂದಿಡೀ ರಾತ್ರಿ ತೊಟ್ಟಿಯ ನೀರಿನಲ್ಲಿ ಅದುಮಿಟ್ಟು ನೋಡಿದ್ದೇನೆ. ಬೆಳಿಗ್ಗೆ ಗರಿಗರಿಯಾಗಿತ್ತು. ಕಾಗದಪತ್ರಕ್ಕೆ ಆ ಕವರಿನೊಳಗೆ ಮತ್ತೊಂದು ಕವರ್ ಇರಲಿ. ಮನೆಯ ನಾಲ್ಕು ಮಗ್ಗುಲಿನ ಫೋಟೋ ತೆಗೆದು ಮಗನ ಫೋನಿಗೂ ನೆಂಟರ ಫೋನಿಗೂ ಕಳಿಸಿಡಿ.

ದುಡ್ಡು ಖರ್ಚು ಮಾಡಲೇಬೇಕಾದ ವಸ್ತು ಒಂದೇ, ಬೆಳಕು. ಹೊಸ ಮಳೆಗೆ ಹಳ್ಳ ಏರಿ ಬರುವ ಹತ್ತುಮೀನು, ಏಡಿ ಹಿಡಿಯಲು ಹೋಗುವ ಹುಡುಗರು ತಲೆಗೆ ಕಟ್ಟಿಕೊಳ್ಳುತ್ತಾರಲ್ಲ, ಆ ಟಾರ್ಚ್. ನಾನು 220 ರೂಪಾಯಿ ಕೊಟ್ಟೆ. ಅದಕ್ಕೆ ಮುಂಚೆ ಕೊಂಡಿದ್ದ ಕೈಟಾರ್ಚಿನೊಳಗೆ ಶೆಲ್ ಹಾಕಿಯೇ ಇಟ್ಟಿದ್ದೆ. ಒಂದು ಮಳೆಗಾಲ ಕಳೆದು ತೆಗೆದರೆ ಶೆಲ್ ಒಡೆದು ಸ್ಪ್ರಿಂಗಿಗೆಲ್ಲ ಬಿಳಿ ಹಿಟ್ಟು ಮೆತ್ತಿಕೊಂಡಿತ್ತು, ಹೊತ್ತಲಿಲ್ಲ. ಶೆಲ್ ಹಾಕುವ ಟಾರ್ಚಾದರೆ ಶೆಲ್ಲನ್ನು ಬೇರೆ ಪೊಟ್ಟಣದಲ್ಲಿಡಿ. ಚಾರ್ಜ್ ಮಾಡುವಂಥದ್ದಾದರೆ ಪ್ರತಿ ಅಮಾವಾಸ್ಯೆಗೆ ಒಮ್ಮೆ ಚಾರ್ಜ್ ಮಾಡಿ, ಪವರ್ ಬ್ಯಾಂಕಿಗೂ ಅದೇ ದಿನ. 20 ರೂಪಾಯಿಯ ಒಂದು ಸೀಟಿ ಟಾರ್ಚಿಗೇ ಕಟ್ಟಿಡಿ. ಮಣ್ಣಿನಡಿ ಸಿಕ್ಕವರ ಗಂಟಲು ಬೇಗ ಸೋಲುತ್ತದೆ, ಸೀಟಿ ಊದಲು ಉಸಿರಿದ್ದರೆ ಸಾಕು.

ಅತ್ತೆಯ ಬಿಪಿ ಮಾತ್ರೆ ಒಂದು ವಾರದ್ದು, ಡಾಕ್ಟರ ಚೀಟಿಯ ಜೆರಾಕ್ಸ್ ಸಮೇತ. ಜನೌಷಧಿ ಕೇಂದ್ರದಲ್ಲಿ ಕಡಿಮೆಗೆ ಸಿಗುತ್ತದೆ. ಓಆರ್‌ಎಸ್ ನಾಲ್ಕು ಪೊಟ್ಟಣ, ಒಂದಕ್ಕೆ ಪೊಟ್ಟಣದ ಮೇಲೆ ಬರೆದಷ್ಟು ಕುದಿಸಿ ಆರಿಸಿದ ನೀರು. ಅವಲಕ್ಕಿ, ಹುರಿಗಡಲೆ, ಬೆಲ್ಲ. ಅವಲಕ್ಕಿ ತಿಂಗಳಿಗೆ ಮುಗ್ಗುತ್ತದೆ, ಅಷ್ಟರಲ್ಲಿ ಮನೆಯವರೇ ತಿಂದು ಹೊಸದು ತುಂಬಿ. ಒಂದು ಜೊತೆ ಬಟ್ಟೆ, ಹೆಣ್ಣುಮಕ್ಕಳಿಗೆ ಪ್ಯಾಡ್, ಉಂಬಳಕ್ಕೆ (ಜಿಗಣೆಗೆ) ಉಪ್ಪು. ಹೊದೆಯಲು ಕಂಬಳಿಯೇ ಸರಿ, ನೆನೆದರೂ ಬೆಚ್ಚಗಿರುತ್ತದೆ. ಕೊಪ್ಪೆ ಮಾಡಿಕೊಂಡು ತಲೆಗೆ ಹಾಕಿಕೊಂಡರೆ ಹೊರುವ ಭಾರವೂ ಉಳಿಯಿತು. ಚಿಲ್ಲರೆ ನೋಟು 500 ರೂಪಾಯಿಯಷ್ಟು ಇರಲಿ, ನೆಟ್‌ವರ್ಕ್ ಇಲ್ಲದಿದ್ದರೆ ಫೋನ್‌ಪೇ ನಡೆಯುವುದಿಲ್ಲ. 112 ಮತ್ತು ಜಿಲ್ಲಾ ಸಹಾಯವಾಣಿ 1077 ಎರಡನ್ನೂ ಚೀಟಿಯಲ್ಲಿ ಬರೆದಿಡಿ, ಜೊತೆಗೆ ನೆಂಟರ ನಂಬರನ್ನೂ. ಈಗ ಯಾರಿಗೂ ನಂಬರ್ ಬಾಯಿಪಾಠವಿಲ್ಲ.

ಎಲ್ಲ ಸೇರಿ ನನಗಾದ ಖರ್ಚು 740 ರೂಪಾಯಿ. ಒಂದೇ ದಿನ ಕೊಂಡದ್ದಲ್ಲ, ನಾಲ್ಕು ಸಂತೆಯಲ್ಲಿ ಸ್ವಲ್ಪ ಸ್ವಲ್ಪ. ಅಂಗಡಿಯ ತಕ್ಕಡಿಯಲ್ಲಿಟ್ಟರೆ 6 ಕೆಜಿ ತೂಗಿತು.

ಆದರೆ ಎಸ್ಟೇಟಿನ ಲೈನ್ ಮನೆಗಳಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಇರುವವರಿಗೆ ಈ 740 ಕೂಡ ದೊಡ್ಡದು. ಎಷ್ಟೋ ಲೈನುಗಳು ಧರೆಯ ಬುಡದಲ್ಲೇ ಇವೆ. ಮಳೆ ಹೆಚ್ಚಿದರೆ ತೋಟದ ಕೆಲಸ ನಿಲ್ಲುತ್ತದೆ, ಕೂಲಿಯೂ ನಿಲ್ಲುತ್ತದೆ. ಗುಡ್ಡ ಕುಸಿದ ಮೇಲೆ ಕಾಳಜಿ ಕೇಂದ್ರದಲ್ಲಿ ಚಾಪೆ, ಹೊದಿಕೆ ಕೊಡುವುದು ಒಳ್ಳೆಯದೇ. ಅದರಲ್ಲಿ ಸ್ವಲ್ಪ ಭಾಗ ಮೊದಲೇ ಬರಲಿ. ಮೃಗಶಿರಾ ಮಳೆಗೆ ಮುಂಚೆ ಗ್ರಾಮ ಪಂಚಾಯಿತಿಗಳು, ತೋಟದ ಮಾಲೀಕರು ಕೂಡಿ ಲೈನಿನ ಮನೆಗೊಂದರಂತೆ ದಪ್ಪ ಕವರ್, ಟಾರ್ಚ್, ಸೀಟಿ ಕೊಡಬೇಕು. ಹಳ್ಳದ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಜೋರು ಮಳೆಯಲ್ಲೂ ಹಳ್ಳ ಬತ್ತಿದಂತೆ ಕಂಡರೆ, ಅಂಗಳದಲ್ಲಿ ಹೊಸ ಬಿರುಕು ಬಿದ್ದರೆ ಯಾರ ಅಪ್ಪಣೆಗೂ ಕಾಯದೆ ಹೊರಡಬೇಕೆಂದು ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೇಳಲಿ. ತಾವೂ ಪತ್ರಿಕೆಯ ಒಂದು ಮೂಲೆಯಲ್ಲಿ ಈ ಸಾಮಾನುಗಳ ಹೆಸರನ್ನು, ಕತ್ತರಿಸಿ ಗೋಡೆಗೆ ಅಂಟಿಸುವ ಹಾಗೆ, ದಪ್ಪಕ್ಷರದಲ್ಲಿ ಅಚ್ಚು ಹಾಕಿಸಬೇಕೆಂದು ಕೋರುತ್ತೇನೆ.

ನಮ್ಮ ಸುತ್ತಿನವರು ತೊಳೆದ ಚೀಲ ತಂದುಕೊಟ್ಟರೆ ನೂಲು, ಪಟ್ಟಿಯ ಕಾಸಷ್ಟೇ ತೆಗೆದುಕೊಂಡು ಬೆನ್ನುಚೀಲ ಹೊಲಿದುಕೊಡುತ್ತೇನೆ. ಈ ವಾರ ಹನ್ನೊಂದು ಆಗಿವೆ.

— ಹೊಲಿಗೆ ಕೆಲಸದ ಗೃಹಿಣಿ, ಕೊಟ್ಟಿಗೆಹಾರ ಸಮೀಪ, ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ